ನಮ್ಮ ಮನೆಯ ಸ್ಮೋಕ್ ಅಲಾರಂ: ನಾಲ್ಕು ವರ್ಷ ಬಳಸಿದ ಮೇಲೆ

ಸ್ಕೂಟರಿನ ಬ್ಯಾಟರಿಯನ್ನು ರಾತ್ರಿ ಮನೆಯೊಳಗೇ ಚಾರ್ಜಿಗೆ ಹಾಕುವ ರೂಢಿ ಶುರುವಾದಾಗ ಮೈಸೂರಿನ ನಮ್ಮ ಮನೆಗೆ ಎರಡು ಸ್ಮೋಕ್ ಅಲಾರಂ ತಂದು ಹಾಕಿಸಿದೆವು. ಅದಕ್ಕೀಗ ನಾಲ್ಕು ವರ್ಷ. 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ, ಅಂಗೈ ಅಗಲದ ಬಿಳಿ ಬಿಲ್ಲೆಯಂಥ ಸಾಧನವಿದು. ಕೊಂಡ ವಾರದಲ್ಲೇ ಬರೆದಿದ್ದರೆ ಬರೀ ಹೊಗಳುತ್ತಿದ್ದೆ. ಈಗಲೂ ಕೊಳ್ಳಿ ಎಂದೇ ಹೇಳುತ್ತೇನೆ, ಆದರೆ ಸೀಲಿಂಗಿಗೆ ಕೂರಿಸಿ ಮರೆತುಬಿಡುವವರಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ.

ಇದು ಬೆಳಕಿನಿಂದ ಹೊಗೆಯನ್ನು ಗುರುತಿಸುವ ಬಗೆಯದು. ಒಳಗಿನ ಕತ್ತಲ ಗೂಡಿನಲ್ಲಿ ಆಗಾಗ ಒಂದು ಸಣ್ಣ ಬೆಳಕು ಮಿನುಗುತ್ತದೆ; ಹೊಗೆಯ ಕಣಗಳು ಹೊಕ್ಕಾಗ ಆ ಬೆಳಕು ಚದುರಿ ಪಕ್ಕದ ಸಂವೇದಕದ ಮೇಲೆ ಬೀಳುತ್ತದೆ, ಅಲಾರಂ ಕೂಗುತ್ತದೆ. ಹಾಸಿಗೆ, ಸೋಫಾದ ಸ್ಪಂಜು, ವೈರಿನ ಹೊದಿಕೆಗಳು ಉರಿ ಕಾಣಿಸದೆ ಒಳಗೊಳಗೇ ಕಮರುವಾಗ ಏಳುವ ಹೊಗೆಯನ್ನು ಈ ಬಗೆಯ ಅಲಾರಂ ಬೇಗ ಹಿಡಿಯುತ್ತದೆ ಎಂಬ ಕಾರಣಕ್ಕೇ ಇದನ್ನು ಆರಿಸಿದೆವು. ಆದರೆ ಬೆಳಕನ್ನು ಚದುರಿಸುವ ಕೆಲಸವನ್ನು ಧೂಳೂ ಮಾಡುತ್ತದೆ, ಒಳಗೆ ಸೇರಿದ ಹುಳವೂ ಮಾಡುತ್ತದೆ.

ಮೊದಲ ಬೇಸಿಗೆಯಲ್ಲಿ ನಮಗಾದದ್ದು ಇದೇ. ಶುಕ್ರವಾರದ ಸಾಂಬ್ರಾಣಿಗೆ ಕೂಗಿದಾಗ ಕಾರಣ ತಿಳಿಯುತ್ತಿತ್ತು. ಏನೂ ಇಲ್ಲದ ಮಧ್ಯಾಹ್ನವೂ ಕೂಗಲಾರಂಭಿಸಿದಾಗ ಇಳಿಸಿ ನೋಡಿದೆ. ಜಾಲರಿಯ ಸುತ್ತ ಬೂದು ಬಣ್ಣದ, ಹಳೆಯ ದಿಂಬಿನ ಹತ್ತಿಯಂಥ ಧೂಳು ಮೆತ್ತಿಕೊಂಡಿತ್ತು, ಒಂದು ಮೂಲೆಯಲ್ಲಿ ಜೇಡರ ಬಲೆ. ಅಂಗಡಿಯವರು ಕಳಿಸಿದ್ದ ಎಲೆಕ್ಟ್ರಿಷಿಯನ್ ಅದನ್ನು ಫ್ಯಾನಿನ ರೆಕ್ಕೆಯಿಂದ ಒಂದೇ ಅಡಿ ದೂರದಲ್ಲಿ ಕೂರಿಸಿದ್ದರು. ಅಲ್ಲಿ ಫ್ಯಾನಿನ ಗಾಳಿ ಧೂಳನ್ನು ತಂದು ತುಂಬುವುದಲ್ಲದೆ ನಿಜವಾದ ಹೊಗೆಯನ್ನು ಆಚೆ ತಳ್ಳಿಬಿಡುತ್ತದೆ. ರೆಕ್ಕೆಯ ತುದಿಯಿಂದ ಕನಿಷ್ಠ ಮೂರು ಅಡಿ, ಒಲೆಯಿಂದ ಹತ್ತು ಅಡಿ ದೂರವಿರುವಂತೆ ನಾನೇ ಬದಲಾಯಿಸಿದ ಮೇಲೆ ಒಗ್ಗರಣೆಯ ಘಾಟಿಗೆ ಕೂಗುವುದೂ ನಿಂತಿತು. ಈಗ ವ್ಯಾಕ್ಯೂಮ್ ಕ್ಲೀನರಿನ ಮೆತ್ತನೆಯ ಬ್ರಷ್‌ನಿಂದ ಎರಡು ತಿಂಗಳಿಗೊಮ್ಮೆ ಜಾಲರಿಯನ್ನು ಶುಚಿ ಮಾಡುತ್ತೇನೆ. ನೀರು, ಸೋಪು ತಾಕಿಸುವುದಿಲ್ಲ; ಗೋಡೆಗೆ ಬಣ್ಣ ಹೊಡೆಸುವಾಗ ಇಳಿಸಿಟ್ಟು, ಕೆಲಸ ಮುಗಿದ ದಿನವೇ ತಿರುಗಿ ಹಾಕುತ್ತೇನೆ. ತಿಂಗಳಿಗೊಮ್ಮೆ ಪರೀಕ್ಷೆಯ ಗುಂಡಿ ಒತ್ತುವುದೂ ತಪ್ಪಿಲ್ಲ, ಆದರೆ ಜಾಲರಿ ಕಟ್ಟಿಕೊಂಡಿದ್ದರೂ ಗುಂಡಿಗೆ ಅದು ಕೂಗಬಹುದಾದ್ದರಿಂದ ಅದೊಂದನ್ನೇ ನಂಬಿ ಕೂರುವಂತಿಲ್ಲ.

ಬ್ಯಾಟರಿ ಸೊರಗಿದಾಗ ನಿಮಿಷಕ್ಕೊಮ್ಮೆ ಕೀಚ್ ಎನ್ನುತ್ತದೆ. ಚಳಿಗೆ ಬ್ಯಾಟರಿಯ ಶಕ್ತಿ ಇನ್ನಷ್ಟು ಕುಗ್ಗುವುದರಿಂದ ಧನುರ್ಮಾಸದ ನಸುಕಿನಲ್ಲೇ ಅದು ಶುರುವಾಗುತ್ತದೆ. ನಿದ್ದೆಗಣ್ಣಿನಲ್ಲಿ ಬ್ಯಾಟರಿ ಕಿತ್ತಿಟ್ಟು ಮತ್ತೆ ಹಾಕದ ಮನೆಗಳನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ನಾವು ಕೀಚಲು ದನಿಗೆ ಕಾಯದೆ ಪ್ರತಿ ಆಯುಧ ಪೂಜೆಯಂದು, ವಾಹನಗಳನ್ನು ತೊಳೆದ ಮೇಲೆ, ಎರಡಕ್ಕೂ ಹೊಸ ಬ್ಯಾಟರಿ ಹಾಕುತ್ತೇವೆ.

ತಯಾರಕರ ಮೇಲೆ ನನಗೆ ಎರಡು ಆಕ್ಷೇಪಗಳಿವೆ. ತಯಾರಾದ ದಿನಾಂಕವನ್ನು ಸಾಧನದ ಬೆನ್ನಿಗೆ ಅಚ್ಚು ಹಾಕಿದ್ದಾರೆ, ಇಳಿಸದೆ ಓದಲಾಗದು. ಇಂಥ ಅಲಾರಂಗಳನ್ನು ಹತ್ತು ವರ್ಷಕ್ಕೆ ಬದಲಿಸಬೇಕು, ಆ ಲೆಕ್ಕ ಶುರುವಾಗುವುದು ಕೊಂಡ ದಿನದಿಂದಲ್ಲ, ತಯಾರಾದ ದಿನದಿಂದ. ನಮಗೆ ಮಾರಿದ ಎರಡರಲ್ಲಿ ಒಂದು ಅಲಾರಂ ಅಂಗಡಿಯಲ್ಲೇ ಎರಡು ವರ್ಷ ಕೂತಿತ್ತೆಂದು ಬಹಳ ತಡವಾಗಿ ತಿಳಿಯಿತು.

ಇನ್ನೊಂದು ಅದರ ದನಿ. ಮೂರು ಮೀಟರ್ ದೂರದಲ್ಲಿ 85 ಡೆಸಿಬೆಲ್ ಇರುವುದು ನಿಜ, ಆದರೆ ಅದು ತೀರಾ ಕೀರಲು. ಕಳೆದ ತಿಂಗಳು ರಾತ್ರಿ ಗುಂಡಿ ಒತ್ತಿ ನೋಡಿದಾಗ ನಾವೆಲ್ಲ ಎದ್ದೆವು. ಬಾಗಿಲು ಮುಚ್ಚಿ ಮಲಗಿದ್ದ, ಕಿವಿ ಮಂದವಾಗಿರುವ ನಮ್ಮ ಅತ್ತೆಯವರಿಗೆ ಎಚ್ಚರವಾಗಲಿಲ್ಲ. ಅವರ ಕೋಣೆಗೆ ತಗ್ಗು ಸ್ಥಾಯಿಯಲ್ಲಿ ಕೂಗುವ, ಒಂದು ಕೂಗಿದರೆ ಎಲ್ಲವೂ ಕೂಗುವಂತೆ ಜೋಡಿಸಬಹುದಾದ ಅಲಾರಂ ಹುಡುಕುತ್ತಿದ್ದೇನೆ. ಅದು ಸಿಗುವವರೆಗೆ ಸ್ಕೂಟರಿನ ಬ್ಯಾಟರಿಯನ್ನು ರಾತ್ರಿ ಚಾರ್ಜಿಗೆ ಹಾಕುವುದನ್ನು ನಿಲ್ಲಿಸಿದ್ದೇವೆ.