ಆಟ ಸಿಗುತ್ತದೆ, ಆಡಿದ್ದು ಸಿಗುವುದಿಲ್ಲ: ಒಂದು ಆನ್‌ಲೈನ್ ಚೆಸ್ ತಾಣದ ದೀರ್ಘಕಾಲದ ಬಳಕೆ

ಮಂಡ್ಯದಿಂದ ಮೈಸೂರಿಗೆ ಕೆಲಸದ ದಿನಗಳಲ್ಲೆಲ್ಲ ರೈಲಿನಲ್ಲಿ ಹೋಗಿಬರುವ ನಾನು ಹಲವು ವರ್ಷಗಳಿಂದ ಒಂದೇ ಚೆಸ್ ತಾಣದಲ್ಲಿ ಆಡುತ್ತಿದ್ದೇನೆ. ಹೆಚ್ಚು ಕಾಲ ಉಚಿತ ಖಾತೆಯಲ್ಲಿ ಆಡಿದ್ದೇನೆ. ನಡುವೆ ಒಂದು ವರ್ಷ ಹಣ ಕಟ್ಟಿ ಸದಸ್ಯನೂ ಆಗಿದ್ದೆ. ಹಲಗೆಯ ಬಣ್ಣ, ಆಟದ ಬಗೆಗಳು, ಸದಸ್ಯತ್ವದ ದರ ಇವೆಲ್ಲ ಮುಖಪುಟದಲ್ಲೇ ಇರುವುದರಿಂದ ಅವುಗಳ ಗೊಡವೆಗೆ ಇಲ್ಲಿ ಹೋಗುವುದಿಲ್ಲ.

ಈ ತಾಣದಲ್ಲಿ ನನಗೆ ಅತಿ ಪ್ರಿಯವಾದದ್ದು ಒಂದೊಂದು ನಡೆಗೂ ಮೂರು ದಿನಗಳ ಅವಕಾಶವಿರುವ ನಿಧಾನದ ಆಟ. ಬೆಳಗಿನ ರೈಲಿನಲ್ಲಿ ಕೂರಲು ಜಾಗ ಸಿಕ್ಕ ಕೂಡಲೇ ಮೊಬೈಲಿನಲ್ಲಿ ಹಲಗೆಯನ್ನು ತೆರೆದು, ಎದುರಾಳಿಯ ನಡೆಯನ್ನು ನೋಡಿಕೊಂಡು, ಏನನ್ನೂ ಒತ್ತದೆ ಮುಚ್ಚಿಬಿಡುತ್ತೇನೆ. ಪಾಂಡವಪುರ ಕಳೆಯುವವರೆಗೆ ಸ್ಥಿತಿ ತಲೆಯಲ್ಲಿಯೇ ಸುತ್ತುತ್ತಿರುತ್ತದೆ. ಶ್ರೀರಂಗಪಟ್ಟಣದ ಹೊತ್ತಿಗೆ ಉತ್ತರ ಹೆಚ್ಚುಕಡಿಮೆ ನಿರ್ಧಾರವಾಗಿರುತ್ತದೆ. ನಾಗನಹಳ್ಳಿಯಲ್ಲಿ ಮತ್ತೊಮ್ಮೆ ತೆರೆದು, ಕುದುರೆಯೋ ಒಂಟೆಯೋ ಪುಕ್ಕಟೆಯಾಗಿ ಹೋಗುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ನಡೆಯನ್ನು ಒತ್ತುತ್ತೇನೆ. ಒತ್ತಿದ ಮೇಲೂ ಒಮ್ಮೆ ಒಪ್ಪಿಗೆ ಕೇಳುವ ಏರ್ಪಾಡು ಇಲ್ಲಿದೆ. ಕುಲುಕುವ ಬೋಗಿಯಲ್ಲಿ ನಿಂತುಕೊಂಡು ಹೆಬ್ಬೆರಳಿನಲ್ಲಿ ಆಡುವವರಿಗೆ ಇದರ ಬೆಲೆ ತಿಳಿದಿರುತ್ತದೆ.

ಸಂಜೆ ಮನೆಯಲ್ಲಿ ಹದಿನೈದು ನಿಮಿಷದ, ನಡೆಯೊಂದಕ್ಕೆ ಹತ್ತು ಸೆಕೆಂಡು ಸೇರುವ ಒಂದು ಆಟ. ನನ್ನ ಮಟ್ಟದ ಎದುರಾಳಿ ಸಿಗಲು ತಡವಾಗುವುದಿಲ್ಲ, ಸಂಪರ್ಕ ತಪ್ಪಿದರೂ ಆಟ ಇದ್ದಲ್ಲಿಯೇ ಮುಂದುವರಿಯುತ್ತದೆ. ಆಟ ಮುಗಿದ ಬಳಿಕ ಸ್ಟಾಕ್‌ಫಿಶ್ ಎಂಬ ಚೆಸ್ ತಂತ್ರಾಂಶದ ವಿಶ್ಲೇಷಣೆ ದೊರೆಯುತ್ತದೆ. ರಾಜರೂ ಸೇರಿ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿಗಳು ಉಳಿದಿದ್ದರೆ ಅಂಥ ಸ್ಥಿತಿಗಳ ಫಲಿತಾಂಶವನ್ನು ಮೊದಲೇ ಲೆಕ್ಕಹಾಕಿಟ್ಟಿರುವ ಸಿಜಿಗಿ ಕೋಷ್ಟಕಗಳು ಗೆಲುವೋ ಡ್ರಾವೋ ಎಂಬುದನ್ನು ಊಹೆಗೆ ಎಡೆಯಿಲ್ಲದಂತೆ ಹೇಳಿಬಿಡುತ್ತವೆ. ಇಷ್ಟರಲ್ಲಿ ನನ್ನ ದೂರು ಏನೂ ಇಲ್ಲ.

ದೂರು ಶುರುವಾಗುವುದು ಆಡಿದ ಆಟವನ್ನು ಮತ್ತೆ ಹುಡುಕಲು ಹೊರಟಾಗ. ಆನೆಗಳ ಅಂತ್ಯದಾಟವನ್ನು ಸುಧಾರಿಸಿಕೊಳ್ಳಬೇಕೆಂಬುದು ನನ್ನ ಬಹುಕಾಲದ ಆಸೆ. ಒಂದು ಕಾಲಾಳು ಹೆಚ್ಚಿರುವವನು ಅದನ್ನು ಕೊನೆಯ ಸಾಲಿಗೆ ಒಂದೇ ಮನೆ ಹಿಂದೆ ತಂದು, ತನ್ನ ರಾಜನನ್ನು ಅದರ ಮುಂದೆ ನಿಲ್ಲಿಸಿ, ಎದುರಾಳಿಯ ರಾಜನನ್ನು ದೂರವಿಟ್ಟಿರುವ ಲುಸೇನಾ ಸ್ಥಿತಿಯನ್ನು ತಲುಪಿದರೆ ಗೆಲುವು. ಎದುರಿನವನು ಫಿಲಿಡೋರ್ ಕ್ರಮದಂತೆ ಆನೆಯನ್ನು ತನ್ನ ಮೂರನೆಯ ಸಾಲಿನಲ್ಲಿ ಕಾವಲಿಟ್ಟು, ಕಾಲಾಳು ಆ ಸಾಲಿಗೆ ಕಾಲಿಟ್ಟ ಕೂಡಲೇ ಹಲಗೆಯ ಆಚೆ ತುದಿಗೆ ಒಯ್ದು ಹಿಂದಿನಿಂದ ಚೆಕ್ ಕೊಡತೊಡಗಿದರೆ ಡ್ರಾ. ಇದನ್ನು ಓದಿ ತಿಳಿಯುವುದಕ್ಕಿಂತ ನನ್ನದೇ ಆಟಗಳಲ್ಲಿ ಅದು ಎಲ್ಲೆಲ್ಲಿ ಬಂದಿತ್ತು ಎಂದು ನೋಡುವುದು ಹೆಚ್ಚು ಉಪಯುಕ್ತ. ಆದರೆ ತಾಣದ ಹುಡುಕಾಟ ಕೇಳುವುದು ಎದುರಾಳಿಯ ಹೆಸರು, ದಿನಾಂಕ, ಆಡಿದ ಬಣ್ಣ, ಫಲಿತಾಂಶ ಮತ್ತು ಓಪನಿಂಗ್‌ನ, ಅಂದರೆ ಆಟದ ಆರಂಭದ ನಡೆಗಳ ಕ್ರಮದ, ಹೆಸರನ್ನು ಮಾತ್ರ. ಹಲಗೆಯ ಮೇಲೆ ಏನಿತ್ತು ಎಂದು ಕೇಳುವ ಒಂದು ಖಾನೆಯೂ ಅಲ್ಲಿಲ್ಲ. ಗ್ರಂಥಾಲಯದಲ್ಲಿ ಪುಸ್ತಕವನ್ನು ಅದು ಖರೀದಿಯಾದ ದಿನಾಂಕದಿಂದ ಹುಡುಕಬೇಕಾದ ಸ್ಥಿತಿ ನನ್ನದು.

ಓಪನಿಂಗ್‌ನ ಹೆಸರಾದರೂ ನೆಚ್ಚಬಹುದೇ ಎಂದರೆ ಅದೂ ಇಲ್ಲ. ಒಂದು ಕಾಲಾಳನ್ನು ಸಿ4 ಮನೆಗೆ ಒಯ್ದು ಆರಂಭಿಸಿ, ನಂತರ ಇನ್ನೊಂದನ್ನು ಡಿ4 ಮನೆಗೆ ಆಡಿ, ಕ್ವೀನ್ಸ್ ಗ್ಯಾಂಬಿಟ್ ಎಂಬ ಬೇರೊಂದು ಓಪನಿಂಗ್‌ನ ಸ್ಥಿತಿಗೇ ಬಂದು ಸೇರಿದ ನನ್ನ ಆಟಗಳು ಪಟ್ಟಿಯಲ್ಲಿ ಇಂಗ್ಲಿಷ್ ಓಪನಿಂಗ್ ಎಂದೇ ಉಳಿದಿವೆ. ಆಟಗಾರರ ಹೆಸರಿನ ಹುಡುಕಾಟವೂ ಅಕ್ಷರಕ್ಕೆ ಅಕ್ಷರ ಹೊಂದಿದರಷ್ಟೇ ಬಾಯಿಬಿಡುತ್ತದೆ. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಅವರ ಆಟಗಳನ್ನು ನೋಡಬೇಕೆಂದರೆ ಇಂಗ್ಲಿಷಿನಲ್ಲಿ ಎಚ್ ಸೇರಿಸಬೇಕೋ ಬೇಡವೋ, ಹೆಸರು ಒಂದು ಪದವೋ ಎರಡೋ, ಇನಿಶಿಯಲ್ ಮುಂದೋ ಹಿಂದೋ ಎಂಬುದನ್ನೆಲ್ಲ ಮೊದಲೇ ಬಲ್ಲವರಾಗಿರಬೇಕು. ಇನಿಶಿಯಲ್ ಹೊತ್ತ ನಮ್ಮ ಕಡೆಯ ಹೆಸರುಗಳಿಗೆಲ್ಲ ಇದೇ ಗತಿ.

ಹಲಗೆಯ ಮೇಲಿನ ಸ್ಥಿತಿಯಿಂದ ಆಟವನ್ನು ಹುಡುಕುವುದು ಸಾಧ್ಯವಿಲ್ಲದ ಕೆಲಸವಾಗಿದ್ದರೆ ಸುಮ್ಮನಿರುತ್ತಿದ್ದೆ. ಪ್ರತಿ ಮನೆಯ ಪ್ರತಿ ಕಾಯಿಗೂ ಒಂದೊಂದು ಯಾದೃಚ್ಛಿಕ ಸಂಖ್ಯೆಯನ್ನು ಕೊಟ್ಟು, ಹಲಗೆಯ ಮೇಲಿರುವವನ್ನೆಲ್ಲ ಬೆಸೆದು ಇಡೀ ಸ್ಥಿತಿಗೆ ಒಂದು ಗುರುತಿನ ಸಂಖ್ಯೆಯನ್ನು ಪಡೆಯುವ ವಿಧಾನವನ್ನು ಆಲ್ಬರ್ಟ್ ಜೋಬ್ರಿಸ್ಟ್ 1970ರಲ್ಲಿಯೇ ವಿವರಿಸಿದ್ದರು. ನಡೆಗಳ ಕ್ರಮ ಬೇರೆಯಾದರೂ ಸ್ಥಿತಿ ಒಂದೇ ಆಗಿದ್ದರೆ ಸಂಖ್ಯೆಯೂ ಒಂದೇ. ಇದೇ ತಾಣದ ಓಪನಿಂಗ್ ವಿಭಾಗ ಕ್ರಮ ಬದಲಾದರೂ ಸ್ಥಿತಿಯನ್ನು ಗುರುತಿಸುತ್ತದೆ. ಎಲ್ಲ ಬಳಕೆದಾರರ ಎಲ್ಲ ಆಟಗಳಿಗೂ ಇದನ್ನು ಅನ್ವಯಿಸುವುದು ದುಬಾರಿ ಎಂಬುದನ್ನು ಒಪ್ಪುತ್ತೇನೆ. ಆದರೆ ಒಬ್ಬನ ಆಟಗಳಲ್ಲಿ, ಅದೂ ಹಣ ಕಟ್ಟಿದವನ ಆಟಗಳಲ್ಲಿ, ಯಾವ ಕಾಯಿಗಳು ಉಳಿದಿದ್ದವು ಎಂದು ಎಣಿಸಿಡುವುದಕ್ಕೆ ಏನು ಅಡ್ಡಿ? ಸದಸ್ಯನಾದ ವರ್ಷದಲ್ಲಿ ಹೆಚ್ಚು ಒಗಟುಗಳೂ ಹೆಚ್ಚು ವಿಶ್ಲೇಷಣೆಯೂ ಸಿಕ್ಕವು, ಹುಡುಕಾಟ ಮಾತ್ರ ಇದ್ದಂತೆಯೇ ಇತ್ತು. ಸಂಬಳದಲ್ಲಿ ರೈಲಿನ ಪಾಸು, ಮಕ್ಕಳ ಶುಲ್ಕ ಕಳೆದು ಉಳಿಯುವುದರಲ್ಲಿ ಆ ಮೊತ್ತ ನನಗೆ ಸಣ್ಣದಲ್ಲ, ನವೀಕರಿಸಲಿಲ್ಲ. ಹುಡುಕಾಟ ಸರಿಹೋದರೆ ಮರಳಿ ಕಟ್ಟಲು ಸಿದ್ಧನಿದ್ದೇನೆ.

ಸದ್ಯಕ್ಕೆ ತಿಂಗಳ ಕೊನೆಯಲ್ಲಿ ಆಟಗಳನ್ನೆಲ್ಲ ನಡೆಗಳನ್ನು ಪಠ್ಯವಾಗಿ ಬರೆದಿಡುವ ಪಿಜಿಎನ್ ಕಡತವಾಗಿ ಇಳಿಸಿಕೊಂಡು, ಸ್ಕಿಡ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯುತ್ತೇನೆ. ಎರಡೂ ಕಡೆ ಒಂದೊಂದು ಆನೆ, ಮಂತ್ರಿ ಇರಬಾರದು, ಕಾಲಾಳುಗಳು ಇಷ್ಟರೊಳಗೆ, ಆ ಸ್ಥಿತಿ ಕನಿಷ್ಠ ಇಷ್ಟು ನಡೆಗಳವರೆಗೆ ಉಳಿದಿರಬೇಕು ಎಂದು ಅಲ್ಲಿ ಕೇಳಬಹುದು; ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಉತ್ತರ ಬೇಗನೆ ಬರುತ್ತದೆ. ಕಡತವನ್ನು ಅಡೆತಡೆಯಿಲ್ಲದೆ ಕೊಡುವುದು ತಾಣದ ದೊಡ್ಡ ಗುಣವೆಂದು ಇಲ್ಲಿ ಹೇಳಲೇಬೇಕು. ಆದರೆ ಪ್ರತಿ ಆಟದ ಕೆಳಗೆ ನಾನು ಕನ್ನಡದಲ್ಲಿ ಬರೆದಿಟ್ಟ ಖಾಸಗಿ ಟಿಪ್ಪಣಿಗಳನ್ನು ತಾಣದ ಹುಡುಕಾಟವೂ ನೋಡುವುದಿಲ್ಲ, ಅವು ಕಡತದಲ್ಲಿಯೂ ಬರುವುದಿಲ್ಲ. ಹೀಗಾಗಿ ಅವನ್ನು ಈಗ ನೋಟ್‌ಬುಕ್ಕಿನಲ್ಲಿಯೇ ಬರೆಯುತ್ತಿದ್ದೇನೆ, ಪುಟದ ಅಂಚಿನಲ್ಲಿ ಆಟದ ದಿನಾಂಕವನ್ನೂ ಕೊನೆಗೆ ಉಳಿದ ಕಾಯಿಗಳನ್ನೂ ನಮೂದಿಸಿಕೊಂಡು.