ಆಲ್ಟೊ 800ಕ್ಕೆ ಮಾಡಿಸಿದ ಸ್ಟೀಲ್ ಸೈಲೆನ್ಸರ್: ಮೂರು ಮಳೆಗಾಲದ ನಂತರ

ಸಣ್ಣ ಕಾರಿಗೆ ಬೇರೆ ಸೈಲೆನ್ಸರ್ ಮಾಡಿಸಲು ಹೋಗುವವರು ಮೊದಲು ಸದ್ದಿನ ಬಗ್ಗೆ ಕೇಳುತ್ತಾರೆ, ಆಮೇಲೆ ಪಿಕಪ್ ಬಗ್ಗೆ. ಕೊಡಗಿನಲ್ಲಿ ಮೊದಲು ಕೇಳಬೇಕಾದ್ದು ತುಕ್ಕಿನ ಬಗ್ಗೆ. ನಾನು ಕಾರಿಗೆ ಸ್ಟೇನ್‌ಲೆಸ್ ಸ್ಟೀಲ್ ಸೈಲೆನ್ಸರ್ ಮಾಡಿಸಿ ಮೂರು ಮಳೆಗಾಲ ಕಳೆದಿದೆ. ಸೈಲೆನ್ಸರ್ ಡಬ್ಬ ಗಟ್ಟಿಯಾಗಿದೆ, ಕಾರು ಕಂಪನಿಯಿಂದ ಬಂದಾಗಿನಷ್ಟೇ ಮೆತ್ತಗೆ ಓಡುತ್ತಿದೆ. ನನಗೆ ಬೇಕಿದ್ದದ್ದು ಇಷ್ಟೇ.

ಕಾರು 2014ರ ಆಲ್ಟೊ 800. 796 ಸಿಸಿ, ಮೂರು ಸಿಲಿಂಡರ್, 48 ಪಿಎಸ್. ಮನೆ ಸಿದ್ದಾಪುರದ ಹತ್ತಿರ ತೋಟದೊಳಗೆ, ಕೆಲಸ ವಿರಾಜಪೇಟೆಯಲ್ಲಿ. ಇದರ ಜೊತೆ ಅಂಗಡಿ, ಶಾಲೆ, ಪಕ್ಕದ ತೋಟ ಅಂತ ಪುಟ್ಟ ಪುಟ್ಟ ಓಡಾಟ ಜಾಸ್ತಿ. ಈ ಪುಟ್ಟ ಓಡಾಟಗಳೇ ಸೈಲೆನ್ಸರ್ ತಿನ್ನುವುದು. ಮಳೆ ನೀರು ಹೊರಗಿನಿಂದ ಹಾಳು ಮಾಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದೂ ನಿಜ. ಆದರೆ ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊಗೆಯ ಜೊತೆ ಬರುತ್ತದೆ. ಹಿಂದಿನ ಡಬ್ಬ ಚೆನ್ನಾಗಿ ಬಿಸಿಯಾಗುವ ಮೊದಲೇ ಕಾರು ನಿಲ್ಲಿಸಿದರೆ ಆ ಆವಿ ಒಳಗೇ ನೀರಾಗಿ ನಿಲ್ಲುತ್ತದೆ. ನಮ್ಮ ಜುಲೈ ಚಳಿಯಲ್ಲಿ ಡಬ್ಬ ಒಣಗುವ ಮಾತೇ ಇಲ್ಲ. ನನ್ನ ಹಳೇ ಡಬ್ಬವನ್ನು ಬಿಚ್ಚಿದಾಗ ಹೊರಗಿನ ತಗಡು ಒಂದು ಕಡೆ ಚೆನ್ನಾಗಿಯೇ ಕಾಣುತ್ತಿತ್ತು. ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ಒಳಗಿನಿಂದ ಕೆಂಪು ಪುಡಿ ಉದುರಿತು. ಅದಕ್ಕೆ ಪ್ಯಾಚ್ ಹಾಕಿಸಿ ಹಾಕಿಸಿ ಸಾಕಾಗಿತ್ತು.

ಮೊದಲು ವಿಚಾರಿಸಿದ ಗ್ಯಾರೇಜಿನ ಹುಡುಗ ತುಂಬಾ ಉತ್ಸಾಹದಲ್ಲಿದ್ದ. "ಅಕ್ಕಾ, ಎರಡು ಇಂಚಿನ ಪೈಪ್ ಹಾಕ್ಸಿ, ಕ್ಯಾಟ್ ತೆಗೆದುಬಿಡೋಣ. ಪಿಕಪ್ ಹೇಗೆ ಬರುತ್ತೆ ನೋಡಿ" ಅಂದ. ನಾನು ಎರಡಕ್ಕೂ ಬೇಡ ಅಂದೆ.

ಕ್ಯಾಟ್ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯ ವಿಷ ಕಡಿಮೆ ಮಾಡುವ ಭಾಗ. ಅದನ್ನು ತೆಗೆದರೆ ಹೊಗೆ ಟೆಸ್ಟ್ ಪಾಸಾಗುವುದು ಕಷ್ಟ. ಬಿಎಸ್‌4 ಅನ್ನುವ ಹೊಗೆ ಮಾನದಂಡದ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ, ಕಾರ್ಬನ್ ಮೋನಾಕ್ಸೈಡ್ 0.3 ಶೇಕಡಾ ದಾಟಬಾರದು. ಅದಕ್ಕಿಂತ ಮುಖ್ಯವಾಗಿ, ಆ ವಿಷದ ಹೊಗೆ ನಮ್ಮ ಅಂಗಳದಲ್ಲೇ ಬಿಡುವುದು, ನಮ್ಮ ಮಕ್ಕಳೇ ಕುಡಿಯುವುದು. ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ.

ಪೈಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 796 ಸಿಸಿ ಇಂಜಿನ್ ಬಿಡುವ ಹೊಗೆಯೇ ಕಡಿಮೆ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವಾಗ ಸಣ್ಣ ಪಂಪಿಗೆ ದಪ್ಪ ಪೈಪ್ ಜೋಡಿಸಿದರೆ ಒಳಗಿನ ನೀರು ನಿಧಾನವಾಗುತ್ತಲ್ವಾ, ಇಲ್ಲೂ ಹಾಗೇ. ಹೊಗೆ ವೇಗವಾಗಿ ಹೋದರೆ ತನ್ನ ಹಿಂದಿನದನ್ನೂ ಎಳೆದುಕೊಂಡು ಹೋಗುತ್ತದೆ, ಸಿಲಿಂಡರ್ ಖಾಲಿಯಾಗುತ್ತದೆ. ಪೈಪ್ ಅತಿ ದಪ್ಪವಾದರೆ ಆ ಎಳೆತ ಸಡಿಲವಾಗುತ್ತದೆ. ಈ ಕಾರಿನ ಪೂರ್ತಿ ಟಾರ್ಕ್, ಅಂದರೆ ಎಳೆಯುವ ಬಲ, 69 ಎನ್‌ಎಂ, ಅದೂ ಇಂಜಿನ್ ನಿಮಿಷಕ್ಕೆ 3,500 ಸುತ್ತು ತಿರುಗುವಾಗ. ಏರಿನ ತಿರುವಿನಲ್ಲಿ ಎರಡನೇ ಗೇರ್‌ನಲ್ಲಿ ನಮಗೆ ಬೇಕಾದ್ದು ಅದಕ್ಕಿಂತ ಕೆಳಗಿನ ಎಳೆತ. ಇರುವ ಅಷ್ಟನ್ನೂ ಕಳೆದುಕೊಳ್ಳುವುದು ಯಾಕೆ? ನಾನು ಕಂಪನಿ ಪೈಪಿನ ಅಳತೆ ತೆಗೆಸಿ, ಅದಕ್ಕೆ ಹತ್ತಿರದ್ದನ್ನೇ ಹಾಕಿಸಿದೆ. ಈ ಗಾತ್ರದ ಇಂಜಿನ್‌ಗೆ ಒಂದೂವರೆ ಇಂಚು ದಾಟಬೇಡಿ ಅಂತ ನನ್ನ ಸಲಹೆ.

ಕೆಲಸ ಮಾಡಿಸಿದ್ದು ಮೈಸೂರಿನಲ್ಲಿ, ಸ್ಟೀಲ್ ಪೈಪಿನ ಕೆಲಸವೇ ಮಾಡುವ ಒಂದು ವರ್ಕ್‌ಶಾಪಿನಲ್ಲಿ. ಹೋಗುವಾಗ ಒಂದು ಮ್ಯಾಗ್ನೆಟ್ ಹಿಡಿದುಕೊಂಡು ಹೋಗಿದ್ದೆ. ನನಗೆ ಬೇಕಿದ್ದದ್ದು 304 ಅನ್ನುವ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಅದಕ್ಕೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಆದರೆ ಗೇಟು, ರೇಲಿಂಗ್‌ಗೆ ಬಳಸುವ ಅಗ್ಗದ 202ಕ್ಕೂ ಹಿಡಿಯುವುದಿಲ್ಲ, ಅದು ನಮ್ಮ ಮಳೆಗೆ ಬೇಗ ಕಲೆಯಾಗುತ್ತದೆ. ಹಾಗಾಗಿ ಮ್ಯಾಗ್ನೆಟ್ ಒಂದನ್ನೇ ನಂಬಬೇಡಿ. ಅಲ್ಲಿನವರು ಪೈಪಿನ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸಿ, ಉದ್ದಕ್ಕೂ ಅಚ್ಚಾದ 304 ಅನ್ನುವ ಗುರುತು ತೋರಿಸಿದರು. ಬಿಲ್ಲಿನಲ್ಲೂ ಅದನ್ನೇ ಬರೆಸಿಕೊಂಡೆ. ಇನ್ನೊಂದು ಮಾತು: 409 ಅನ್ನುವ ಸ್ಟೀಲ್‌ಗೆ ಮ್ಯಾಗ್ನೆಟ್ ಹಿಡಿಯುತ್ತದೆ, ಅದನ್ನು ಕಾರು ಕಂಪನಿಗಳೇ ಸೈಲೆನ್ಸರ್‌ಗೆ ಬಳಸುತ್ತವೆ. ಮೇಲ್ಮೈ ಕಂದು ಬಣ್ಣಕ್ಕೆ ತಿರುಗಿದರೂ ಬಾಳಿಕೆ ಚೆನ್ನಾಗಿದೆ. ದುಡ್ಡು ಉಳಿಸಬೇಕು ಅನ್ನುವವರಿಗೆ ಅದೂ ಒಳ್ಳೆಯದೇ.

ಬೆಸುಗೆ ಆರ್ಗಾನ್ ವೆಲ್ಡಿಂಗ್ ಆಗಿರಲಿ. ಪೈಪಿನ ಒಳಕ್ಕೂ ಆರ್ಗಾನ್ ಅನಿಲ ಬಿಟ್ಟು ಬೆಸೆದರೆ ಒಳಗಿನ ಗೆರೆ ನುಣುಪಾಗಿ ಬರುತ್ತದೆ. ಬಿಡದಿದ್ದರೆ ಕಪ್ಪಗೆ ಒರಟಾಗಿ ಹರಳುಗಟ್ಟಿ, ಮುಂದೆ ಅಲ್ಲಿಂದಲೇ ಬಿರುಕು ಶುರುವಾಗಬಹುದು. ಡಬ್ಬ ಮುಚ್ಚುವ ಮೊದಲು ಪೈಪು ತಣ್ಣಗಾದ ಮೇಲೆ ಒಳಗೆ ಬೆರಳಾಡಿಸಿ ನೋಡಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಟಾರ್ಚ್ ಹಿಡಿದು ತೋರಿಸಿದರು. ಡಬ್ಬದ ಅತಿ ತಗ್ಗಿನ ಜಾಗದಲ್ಲಿ 3 ಎಂಎಂ ತೂತು ಕೊರೆಸಿದ್ದೂ ಮುಖ್ಯ. ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ಅಲ್ಲಿಂದ ನೀರು ತೊಟ್ಟಿಕ್ಕುವುದು ಕಾಣುತ್ತದೆ.

ಡಬ್ಬದಲ್ಲಿ ಎರಡು ಬಗೆ. ಒಂದರಲ್ಲಿ ತೂತಿನ ಪೈಪು ನೇರ ಹೋಗಿ ಸುತ್ತ ಗ್ಲಾಸ್‌ವೂಲ್ ಇರುತ್ತದೆ. ಇನ್ನೊಂದರಲ್ಲಿ ಒಳಗೆ ಗೋಡೆ ಕಟ್ಟಿ ಕೋಣೆ ಮಾಡಿರುತ್ತಾರೆ. ನಾನು ಕೋಣೆಯದ್ದು ಆರಿಸಿಕೊಂಡೆ. ಮೂರು ಸಿಲಿಂಡರ್ ಇಂಜಿನ್ 3,000 ಸುತ್ತಿನಲ್ಲಿ ಸೆಕೆಂಡಿಗೆ 75 ಸಲ ಹೊಡೆಯುತ್ತದೆ. ಅದು ಎದೆಗೆ ತಾಗುವ ದಪ್ಪ ಸದ್ದು. ಗ್ಲಾಸ್‌ವೂಲ್ ಚೂಪು ಸದ್ದನ್ನು ಹೀರುತ್ತದೆ, ಈ ಗುಂ ಅನ್ನುವುದನ್ನು ಅಷ್ಟಾಗಿ ಹೀರುವುದಿಲ್ಲ. ಮೇಲಾಗಿ ಯಾವಾಗಲೂ ಒದ್ದೆ ಇರುವ ಕಡೆ ಗ್ಲಾಸ್‌ವೂಲ್ ಬೇಗ ಹಾಳಾಗುತ್ತದೆ. ಕೋಣೆ ಡಬ್ಬ ಹಾಕಿದ ಮೇಲೂ ನಾಲ್ಕನೇ ಗೇರ್‌ನಲ್ಲಿ ಅರವತ್ತರ ಹತ್ತಿರ ಹಿಂದಿನ ಸೀಟಿನಲ್ಲಿ ಸ್ವಲ್ಪ ಗುಂಯ್‌ಗುಟ್ಟುತ್ತಿತ್ತು. ಮಧ್ಯದಲ್ಲಿ ಒಂದು ಸಣ್ಣ ರೆಸೊನೇಟರ್, ಅಂದರೆ ಆ ಗುಂ ಸದ್ದು ಅಡಗಿಸುವ ಇನ್ನೊಂದು ಪುಟ್ಟ ಡಬ್ಬ, ಸೇರಿಸಿದ ಮೇಲೆ ಹೋಯಿತು. ಮಾಕುಟ್ಟ ಘಾಟ್ ಇಳಿಯುವಾಗ ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೂ ಪಟಪಟ ಅನ್ನುವುದಿಲ್ಲ.

ನಮ್ಮ ಕಡೆ ಮೆತ್ತಗಿನ ಗಾಡಿಗೆ ಇನ್ನೊಂದು ಕಾರಣವೂ ಇದೆ. ಸಿದ್ದಾಪುರ, ಮಾಲ್ದಾರೆ ಕಡೆ ತೋಟದ ರಸ್ತೆಯಲ್ಲಿ ಕತ್ತಲಾದ ಮೇಲೆ ಆನೆ ಎಲ್ಲಿ ನಿಂತಿರುತ್ತದೋ ಗೊತ್ತಾಗುವುದಿಲ್ಲ. ನಾನು ಕಿಟಕಿ ಇಳಿಸಿ ನಿಧಾನ ಹೋಗುತ್ತೇನೆ. ಬೈನೆ ಮರ ಮುರಿಯುವ ಸದ್ದು, ಕೊಂಬೆ ಲಟಕ್ ಅನ್ನುವ ಸದ್ದು ಮೊದಲೇ ಕೇಳಿಸಬೇಕು. ಅಬ್ಬರಿಸುವ ಸೈಲೆನ್ಸರ್ ಇದ್ದರೆ ಆ ಎಚ್ಚರಿಕೆಯೇ ಇಲ್ಲ. ತೋಟದ ಕೆಲಸದವರ ಲೈನ್ ಮನೆಗಳ ಪಕ್ಕದಲ್ಲಿ ಬೆಳಗ್ಗೆ ಐದಕ್ಕೆ ಗಾಡಿ ತೆಗೆಯುವಾಗಲೂ ಅಷ್ಟೇ, ಮಲಗಿದವರನ್ನು ಎಬ್ಬಿಸಬಾರದು.

ಕಾನೂನೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನ ಬದಲಾಯಿಸುವುದಕ್ಕೆ ಕಡಿವಾಣ ಹಾಕುತ್ತದೆ. ಸದ್ದು, ಹೊಗೆಯ ಮಿತಿ ಮೀರಿದರೆ 190(2)ರ ಪ್ರಕಾರ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಇದೆ. ಡಬ್ಬ ಹಾಕಿಸುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ವಿಮೆಯವರಿಗೂ ಬರೆದು ತಿಳಿಸಿ. ಕ್ಲೇಮ್ ಸಮಯದಲ್ಲಿ ತಕರಾರು ಬೇಡ.

ಖರ್ಚು ಒಟ್ಟು 13,000 ರೂಪಾಯಿ ಚಿಲ್ಲರೆ. ಮೈಲೇಜ್ ಮೊದಲಿನಷ್ಟೇ, ಪಿಕಪ್ ಕೂಡ ಅಷ್ಟೇ. ಬರೀ ಹಿಂದಿನ ಡಬ್ಬ ಬದಲಿಸಿದರೆ ಈ ಇಂಜಿನ್‌ಗೆ ಶಕ್ತಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪೇಟೆಯಲ್ಲಿ ಓಡಿಸುವವರಿಗೆ, ಎರಡು ಮೂರು ವರ್ಷದಲ್ಲಿ ಕಾರು ಮಾರುವವರಿಗೆ ಕಂಪನಿ ಡಬ್ಬವೇ ಸಾಕು.

ಬೇಸರದ ವಿಷಯ ಒಂದಿದೆ. ಪೈಪು, ಡಬ್ಬ ಎಲ್ಲ 304 ಹಾಕಿ, ಪೈಪುಗಳನ್ನು ಬೋಲ್ಟ್ ಹಾಕಿ ಜೋಡಿಸುವ ತಟ್ಟೆ, ಅಂದರೆ ಫ್ಲ್ಯಾಂಜ್ ಮಾತ್ರ ಸಾದಾ ಕಬ್ಬಿಣದ್ದು ಹಾಕಿದ್ದರು, ನನಗೆ ಹೇಳಲೇ ಇಲ್ಲ. ಎರಡನೇ ಮಳೆಗಾಲದಲ್ಲಿ ಅಲ್ಲಿಂದ ಫಿಸ್ ಫಿಸ್ ಅಂತ ಹೊಗೆ ಸೋರಿತು. ಬೋಲ್ಟ್ ಕಚ್ಚಿಕೊಂಡು ಕತ್ತರಿಸಿಯೇ ತೆಗೆಯಬೇಕಾಯಿತು. ಈಗ ಫ್ಲ್ಯಾಂಜೂ ಸ್ಟೀಲಿನದ್ದು, ನಟ್ ಹಿತ್ತಾಳೆಯದ್ದು, ಮುಂದೆ ಸುಲಭವಾಗಿ ಬಿಚ್ಚಬಹುದು. ನೀವು ಮಾಡಿಸುವಾಗ ಫ್ಲ್ಯಾಂಜ್, ಬೋಲ್ಟ್, ನೇತುಹಾಕುವ ಸರಳು ಯಾವ ಲೋಹದ್ದು ಅಂತ ಒಂದೊಂದನ್ನೂ ಕೇಳಿ ಬಿಲ್ಲಿನಲ್ಲಿ ಬರೆಸಿ. ಹ್ಯಾಂಗರ್ ರಬ್ಬರ್ ಹೊಸದೇ ಹಾಕಿಸಿ, ಹಳೆಯದು ಜೋತುಬಿದ್ದರೆ ತೋಟದ ರಸ್ತೆಯ ಕಲ್ಲಿಗೆ ಡಬ್ಬ ತಾಗುತ್ತದೆ.