ಅಪ್ಪನ ಪೆನ್ಷನ್ನಿಗೆ ಮನೆಗೇ ಬಂದ ಪೋಸ್ಟ್‌ಮ್ಯಾನ್

ನಮ್ಮಪ್ಪ ಅಶೋಕಪುರಂ ರೈಲ್ವೆ ವರ್ಕ್‌ಶಾಪಲ್ಲಿ ಕೆಲಸ ಮಾಡಿ ರಿಟೈರ್ ಆದವ್ರು, ಈಗ 82. ಪಾಸ್‌ಬುಕ್ಕು, ಕರೆಂಟ್ ಬಿಲ್ಲು, ಮಾತ್ರೆ ಖರ್ಚು ಎಲ್ಲಾ ನಾನೇ ನೋಡ್ಕೊಳ್ತೀನಿ, ಆದ್ರೆ ಪೆನ್ಷನ್ ನಿಲ್ಲದಿರೋಕೆ ವರ್ಷಕ್ಕೊಂದ್ಸಲ ಬದುಕಿದ್ದೀನಿ ಅಂತ ಕೊಡೋ ಲೈಫ್ ಸರ್ಟಿಫಿಕೇಟಿಗೆ ಮಾತ್ರ ಅವ್ರೇ ಬೇಕಲ್ವಾ. ಹೋದ್ವರ್ಷ ಒಂದು ಬ್ಯಾಂಕಲ್ಲಿ ಮಂಡಿನೋವಲ್ಲೇ ಮೆಟ್ಲು ಹತ್ತಿಸಿ ಎರಡು ಗಂಟೆ ಕೂರಿಸಿದ್ರು, ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಈ ಸಲ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮನೆಬಾಗಿಲ ಸೇವೆ ತಗೊಂಡ್ವಿ. ನಮ್ಮ ಏರಿಯಾ ಪೋಸ್ಟ್‌ಮ್ಯಾನಿಗೆ ಹೇಳಿದ್ದಷ್ಟೆ, ಮಾರನೇ ದಿನ ಬಂದ್ರು. ಆಧಾರ್, ಪಿಪಿಓ (ಪೆನ್ಷನ್ ಮಂಜೂರಾತಿ ಆದೇಶದ) ನಂಬರ್, ಪೆನ್ಷನ್ ಅಕೌಂಟ್ ನಂಬರ್, ಮೊಬೈಲ್ ರೆಡಿ ಇಟ್ಕೊಂಡಿರಿ. ವರ್ಷಾನುಗಟ್ಲೆ ಕಬ್ಬಿಣ ಹಿಡಿದ ಕೈ, ಬೆರಳಚ್ಚು ಸವೆದೋಗಿದೆ, ಮಿಷನ್ನು ಮೂರು ಸಲ ತಗೊಳ್ಳಲೇ ಇಲ್ಲ, ಅಪ್ಪ ಬೆರಳನ್ನ ಪಂಚೆಗೆ ಒರೆಸಿ ಒರೆಸಿ ಇಡ್ತಿದ್ರು. ಆಗ ಪೋಸ್ಟ್‌ಮ್ಯಾನ್ "ಬಿಡಿ ಯಜಮಾನ್ರೇ, ಮುಖ ತೋರ್ಸಿ ಸಾಕು, ಒಂದ್ಸಲ ಕಣ್ಣು ಮಿಟುಕಿಸಿ" ಅಂತ ಕಿಟಕಿ ಬೆಳಕಿಗೆ ತಿರುಗಿಸಿ ಕೂರಿಸಿ ಫೋನ್ ಹಿಡಿದ್ರು, ಆಗೋಯ್ತು. ಪ್ರಮಾಣ್ ಐಡಿ, ಅಂದ್ರೆ ಆ ಸರ್ಟಿಫಿಕೇಟಿನ ನಂಬರ್, ಮೆಸೇಜಲ್ಲಿ ಬಂತು, ಚಾರ್ಜು 70 ರೂಪಾಯಿ ಅಷ್ಟೇ.

80 ದಾಟಿದ ಕೇಂದ್ರ ಸರ್ಕಾರದ ಪೆನ್ಷನ್ನವ್ರು ಅಕ್ಟೋಬರ್ 1ರಿಂದ್ಲೇ ಕೊಡಬಹುದು, ನವೆಂಬರ್ ರಶ್ಶಿಗೆ ಕಾಯ್ಬೇಡಿ. ಪ್ರಮಾಣ್ ಐಡಿ ಮೆಸೇಜ್ ಡಿಲೀಟ್ ಮಾಡ್ಬೇಡಿ, ಐಡಿ ಒಂದ್ಕಡೆ ಬರ್ದಿಟ್ಕೊಳ್ಳಿ.

ಪೋಸ್ಟ್‌ಮ್ಯಾನಿಗೆ ಕಾಫಿ ಕುಡಿಸದೆ ಅಪ್ಪ ಕಳಿಸ್ಲಿಲ್ಲ. ಐದಕ್ಕೆ ಐದು ಸ್ಟಾರ್.